ಹೋದ ಸಲದ ಫ್ಯೂಸ್

…ಬೇಡ, ಅಲ್ಲಿಡಬೇಡ. ಆ ಮೂಲೆ ಬೇಡ ಅಂದೆ. ಹೋದ ಸಲನೂ ಅದೇ ಮೂಲೇಲಿ ಇಟ್ಟಿದ್ದೆ ನೀನು, ನೆನಪಿದೆಯಾ? ಗೋಡೆ ಹೊಸದಾದ್ರೆ ಏನಾಯ್ತು, ಮೂಲೆ ಅದೇ ತಾನೇ. ಈ ಕಡೆ ಇಡು, ಬಾಗಿಲ ಹತ್ತಿರ. ಹೊತ್ತಿಕೊಂಡ್ರೆ ಎಳೆದು ಹೊರಗೆ ಹಾಕೋಕಾದ್ರೂ ಆಗುತ್ತೆ.

ಯಾಕೋ ನಗ್ತೀಯ? ನಾನೇನು ತಮಾಷೆ ಮಾಡಿದ್ನಾ? … ನಗಲಿಲ್ವಾ. ಸರಿ, ನಗಲಿಲ್ಲ ಬಿಡು. ಆ ಗಡ್ಡದೊಳಗೆ ನೀನು ನಗ್ತೀಯೋ ಹಲ್ಲು ಕಡೀತೀಯೋ ಯಾರಿಗೆ ಗೊತ್ತಾಗುತ್ತೆ ಟಾರ್ಮೊಡ್.

ಚಹಾ ತಂದಿದ್ದೀನಿ. ಹಲಗೆ ಮೇಲಿದೆ, ಕುಡಿಯೋದಾದ್ರೆ ಕುಡಿ. ನಿನಗೋಸ್ಕರ ಅಂತ ಮಾಡಿದ್ದಲ್ಲ, ಕೆಟ್ಲು ಹೇಗೂ ಒಲೆ ಮೇಲಿತ್ತು.

ಅಲ್ಲ, ಯಾರು ಕರೆದ್ರು ನಿನ್ನ? ನಾನಂತೂ ಕರೀಲಿಲ್ಲ. ಬೆಳಗ್ಗೆ ಕೂತು ನಾಳೆಯ ಆಲೂಗಡ್ಡೆ ಸಿಪ್ಪೆ ತೆಗೀತಿದ್ದೀನಿ, ಶನಿವಾರ ಅಲ್ವಾ, ನಾಳೆ ದೇವರ ದಿನ, ಚಾಕು ಮುಟ್ಟೋ ಹಾಗಿಲ್ಲವಲ್ಲ, ನೋಡಿದ್ರೆ ನಿನ್ನ ಟ್ರೇಲರ್ ಕುಲುಕಾಡ್ತಾ ಬರ್ತಿದೆ. ಬಂದವನು 'ಹೇಗಿದ್ದೀರಿ ಅತ್ತಿಗೆ' ಅಂತ ಒಂದು ಮಾತಿಲ್ಲ. ಟೋಪಿ ತೆಗೆದೆ, ಬ್ಯಾಟ್ರಿ ಇಳಿಸೋಕೆ ಶುರು ಮಾಡಿದೆ. ನನ್ನ ಗಂಡ ಮುರ್ಡೊನ ಚಿಕ್ಕಪ್ಪನ ಮಗ ನೀನು, ಮೈದುನ ಆಗ್ಬೇಕಾದವನು. ಅವನನ್ನ ಮಣ್ಣು ಮಾಡಿದ ದಿನ ಸ್ಮಶಾನದ ಗೋಡೆ ಆಚೆ ನಿಂತಿದ್ದವನು ಈಗ ಬಂದಿದ್ದೀಯ.

ಊರವರು ಏನಂತಾರೆ ಗೊತ್ತಾ? ಗೊತ್ತಿರುತ್ತೆ ಬಿಡು. ಅಂಗಡಿ ಎಫ್ಫಿ ಕಿಟಕಿಯಿಂದಲೇ ನೋಡಿರ್ತಾಳೆ ನಿನ್ನ ಟ್ರೇಲರ್ ಈ ಕಡೆ ತಿರುಗಿದ್ದನ್ನ. ಇಷ್ಟೊತ್ತಿಗೆ ಅವಳ ಫೋನು ಬಿಸಿಯಾಗಿರುತ್ತೆ. 'ನೋಡಿದ್ಯಾ, ಪುಕ್ಕಟೆ ಮಾಡಿಕೊಡೋಕೆ ಹೋಗಿದ್ದಾನೆ. ತಪ್ಪು ಮಾಡದವನಾಗಿದ್ರೆ ಯಾಕೆ ಹೋಗ್ತಿದ್ದ?' ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನಲ್ಲಪ್ಪ ಹೇಳೋದು. ಎಫ್ಫಿ ಹೇಳ್ತಾಳೆ.

ನೀನು ಮಾತಾಡಬೇಡ. ಗೋಡೆ ಜೊತೆ ಮಾತಾಡಿ ಅಭ್ಯಾಸ ಆಗಿದೆ ನನಗೆ, ಮುರ್ಡೊ ಹೋದಾಗಿನಿಂದ ಅದನ್ನೇ ಮಾಡಿದ್ದು. ಕರೆಂಟ್ ಕಂಬ ಚರ್ಚಿನ ಹತ್ತಿರವೇ ನಿಂತುಬಿಟ್ಟಿದೆ, ಈ ಕೊನೇ ಮೂರು ಮನೆಗೆ ಎಳೆಯೋಕೆ ಅವರಿಗೆ ಗಿಟ್ಟಲ್ವಂತೆ. ಬೆಳಕಿಗೂ ಪಂಪಿಗೂ ಈ ಕೊಟ್ಟಿಗೆ ಬ್ಯಾಟ್ರಿಯೇ ಗತಿ; ಬೆಂಕಿ ಬಿದ್ದಾಗಿನಿಂದ ಎಣ್ಣೆ ದೀಪ, ಬಾವಿ ನೀರು. ಈ ವಯಸ್ಸಲ್ಲಿ ಎರಡು ಕೈಗೂ ಕೊಡ ಹಿಡಿದು ಆ ಗಾಳೀಲಿ ನಡೆದು ನೋಡು. ಅರ್ಧ ನೀರು ಲಂಗದ ಮೇಲೆ, ಅರ್ಧ ಬೂಟಲ್ಲಿ.

ಉಂಗುರ ತೆಗೆದಿಟ್ಟೆಯಾ. ನೀನು ಪ್ರತಿ ಸಲ ತೆಗೀತೀಯ, ಸ್ಪ್ಯಾನರ್ ಹಿಡಿಗೆ ಟೇಪು ಬೇರೆ ಸುತ್ತಿರ್ತೀಯ. ಎಷ್ಟು ಸಲ ಹೇಳಿದ್ದೆ ನೀನು ಮುರ್ಡೊಗೆ, ಬ್ಯಾಟ್ರಿ ಹತ್ತಿರ ಹೋಗೋವಾಗ ಉಂಗುರ ತೆಗಿ ಅಣ್ಣ, ಎರಡು ಕಡೆಗೂ ತಾಗಿದ್ರೆ ಬೆರಳೇ ಬೇಯುತ್ತೆ ಅಂತ. ಅವನೆಲ್ಲಿ ತೆಗೀತಿದ್ದ. … ಅಂದ್ರೆ, ನೀರು ಹಾಕೋವಾಗ ಅಂದೆ. ಬ್ಯಾಟ್ರಿಗೆ ನೀರು ಹಾಕೋವಾಗ ಮಾತ್ರ ಮುಟ್ತಿದ್ದ. ಬೇರೆ ಏನೂ ಮುಟ್ತಿರಲಿಲ್ಲ ಅವನು. ಬರೆದಿಟ್ಕೋ.

ಆ ವಯರನ್ನೆಲ್ಲ ಯಾಕೆ ಒಂದೇ ಉದ್ದಕ್ಕೆ ಕತ್ತರಿಸ್ತೀಯ? ಈ ಬ್ಯಾಟ್ರಿ ಇಲ್ಲೇ ಪಕ್ಕದಲ್ಲಿದೆ, ಗೇಣುದ್ದ ಸಾಕಲ್ಲ. ಹೂಂ, ಹೋದ ಸಲನೂ ನೀನು ಹೇಳಿದ್ದೆ. ವಯರ್ ಹೆಚ್ಚುಕಮ್ಮಿ ಆದ್ರೆ ಒಂದು ದುಡಿದು ದುಡಿದು ಸಾಯುತ್ತೆ, ಇನ್ನೊಂದು ಕೂತು ಉಣ್ಣುತ್ತೆ. ಪ್ಲಸ್ಸು ಈ ತುದಿಯಿಂದ, ಮೈನಸ್ಸು ಆ ತುದಿಯಿಂದ, ಆಗ ಭಾರ ಎಲ್ಲರಿಗೂ ಸಮ. 'ಸಂಸಾರದ ಹಾಗೇ ಅತ್ತಿಗೆ' ಅಂದಿದ್ದೆ. ಮುರ್ಡೊ ಮಗ್ಗದ ಮೇಲಿಂದಲೇ ನಕ್ಕಿದ್ದ. ಆಗ ನಿನಗೆ ಬಾಯಿತ್ತು.

ಮಗ್ಗ ನೋಡಿದ್ಯಾ ಹೊರಗೆ? ಕಬ್ಬಿಣ ಮಾತ್ರ ಉಳಿದಿದೆ. ಮಳೇಲಿ ತುಕ್ಕು ಹಿಡೀತಿದೆ, ಕುರಿಗಳು ಮೈ ತಿಕ್ಕಿಕೊಳ್ತವೆ. ತೆಗೆಸಿಹಾಕಿ ಅಂದ್ರು ಪಾದ್ರಿಯವರು. ನಾನು ಬಿಡಲಿಲ್ಲ. ಊರು ಬಂದು ಕಲ್ಲು ಹೊತ್ತು ಈ ಕೊಟ್ಟಿಗೆ ಮತ್ತೆ ಕಟ್ಟಿಕೊಡ್ತು, ಎಲ್ಲರೂ ಬಂದ್ರು, ನಿನ್ನೊಬ್ಬನನ್ನ ಬಿಟ್ಟು. ನಿನಗೆ ಹೇಳಿ ಕಳಿಸಲಿಲ್ಲ ಅಂತ ಬೇಜಾರಾ? ಆಗ್ಲಿ. ಸ್ವಲ್ಪ ಆಗ್ಲಿ.

ಅದೇನದು ಕೈಯಲ್ಲಿ, ಆ ಬಿಳೀ ದಪ್ಪನೆಯದು? ಓಹೋ. ಇದೇನಾ ಫ್ಯೂಸ್ ಅಂದ್ರೆ. ಈಗ ನೋಡ್ತಿದ್ದೀನಿ ನಾನು, ಮೊದಲ ಸಲ. ಎಷ್ಟು ಚೆನ್ನಾಗಿ ಕೂರಿಸ್ತಿದ್ದೀಯ, ಬ್ಯಾಟ್ರಿಗೆ ಅಂಟಿಕೊಂಡ ಹಾಗೆ. ಎಷ್ಟು ಹತ್ತಿರ ಇದ್ರೆ ಅಷ್ಟು ಒಳ್ಳೇದು, ಅಲ್ವಾ? ಫ್ಯೂಸಿಂದ ಆಚೆ ವಯರಿಗೆ ಏನೇ ಆಗ್ಲಿ, ಇದು ತಾನು ಸುಟ್ಟುಕೊಂಡು ಮಿಕ್ಕಿದ್ದನ್ನ ಉಳಿಸುತ್ತೆ. ಇದೇ ಕೆಲಸ ಅವತ್ತೂ ಮಾಡಿದ್ರೆ ನಿನ್ನ ಕೈ ಬಿದ್ದುಹೋಗ್ತಿತ್ತಾ? ಬೆಂಕಿ ಆರಿಸೋಕೆ ಬಂದವನು ಕೇಳಿದ, 'ಇದಕ್ಕೆ ಫ್ಯೂಸ್ ಇತ್ತಾ ಅಮ್ಮ?' ಅಂತ. ಇದ್ದದ್ದು ನಾನು ಕಂಡಿಲ್ಲಪ್ಪ ಅಂದೆ. 'ಯಾರು ಕಟ್ಟಿದ್ದು?' ಅಂದ. ಟಾರ್ಮೊಡ್ ಅಂದೆ. ಅಷ್ಟೇ ನಾನು ಹೇಳಿದ್ದು. ಅಷ್ಟೇ. ಎಫ್ಫಿ ಪಕ್ಕದಲ್ಲೇ ನಿಂತಿದ್ಲು, ಅದಕ್ಕೆ ನಾನೇನು ಮಾಡ್ಲಿ. ಊರ ಬಾಯಿಗೆ ಬೀಗ ಹಾಕೋಕಾಗುತ್ತಾ?

ಶಾಲೆ ಕೆಲಸ ಹೋಯ್ತಂತೆ ನಿನ್ನದು. ದೋಣಿಕಟ್ಟೆ ದೀಪದ್ದೂ ಬೇರೆಯವನಿಗೆ ಕೊಟ್ರಂತೆ, ದಕ್ಷಿಣದಿಂದ ಯಾವನೋ ಹುಡುಗ ಹಡಗು ಹತ್ತಿ ಬರ್ತಾನಂತೆ. ನಿನ್ನ ಹೆಂಡತಿ ಚರ್ಚಲ್ಲಿ ಹಿಂದಿನ ಸಾಲಲ್ಲಿ ಕೂರ್ತಾಳೆ. ಮೊನ್ನೆ ನನ್ನ ನೋಡಿ ಎದ್ದು ನಿಂತ್ಲು, ನಾನು ಮುಖ ತಿರುಗಿಸಿಕೊಂಡು ಬಂದೆ. ಇನ್ನೇನು ಮಾಡಬೇಕಿತ್ತು? ಗಂಡನ್ನ ಕಳ್ಕೊಂಡವಳು ನಾನು.

ಆ ತಗಡಿನ ಡಬ್ಬಿ ಯಾಕೆ ಅಲ್ಲಿ ಮೊಳೆಗೆ ತೂಗುಹಾಕ್ತೀಯ? ಹೆಚ್ಚುವರಿ ಫ್ಯೂಸಾ. ಎರಡೇ ಹಾಕ್ಬೇಡ, ಇನ್ನೂ ಎರಡು ಹಾಕು. ಹೋದ ಸಲ ಡಬ್ಬೀಲಿ ಒಂದೇ ಉಳಿದಿತ್ತು, ಸಾಲದೆ—

…ಏನು? ಏನಂದೆ ನಾನು? ಏನೂ ಅನ್ನಲಿಲ್ಲ. ನೀನು ನಿನ್ನ ಕೆಲಸ ನೋಡು. ಯಾಕೆ ಕೈ ನಿಲ್ಲಿಸಿಬಿಟ್ಟೆ? ಮೊಳೆ ಡಬ್ಬಿ ಅಂದೆ. ಮೊಳೆ ಇಡೋ ಡಬ್ಬಿ ಇತ್ತು ಅಲ್ಲಿ. ಮುದುಕಿ ಮಾತು ಹಿಂದುಮುಂದಾಗುತ್ತಪ್ಪ, ಅದಕ್ಕೆಲ್ಲ ಹಾಗೆ ನೋಡ್ತಾರಾ.

ಚಹಾ ಆರಿಹೋಯ್ತು. ಇನ್ನೊಂದು ಲೋಟ ತರ್ತೀನಿ ಅಂದ್ರೆ ಬೇಡ ಅಂತ ತಲೆ ಆಡಿಸ್ತೀಯ. ನನ್ನ ಮನೆಯದು ಕುಡಿಯಲ್ವಾ? ಪ್ರಭುಭೋಜನದ ಹಬ್ಬದಲ್ಲಿ ನನ್ನ ಮನೇಲಿ ಉಂಡಿಲ್ವಾ ನೀನು, ಗುರುವಾರದಿಂದ ಸೋಮವಾರದ ತನಕ? ಹೋದ ಶರತ್ಕಾಲದಲ್ಲಿ ಮನೆ ತುಂಬ ಜನ. ಉತ್ತರದ ಪಾದ್ರಿ ಮೇಲಿನ ಕೋಣೇಲಿ, ಅವರ ಹೆಂಡತಿ, ಅವಳ ತಂಗಿ, ನಾದಿನಿ, ಹಜಾರದಲ್ಲಿ ಹಾಸಿಗೆಗೆ ಹಾಸಿಗೆ. ಶನಿವಾರ ಅಂದ್ರೆ ಗೊತ್ತಲ್ಲ, ಭಾನುವಾರದ್ದೆಲ್ಲ ಅವತ್ತೇ ಆಗ್ಬೇಕು. ಕುರಿ ಸಾರು ಕುದೀಬೇಕು, ಬಟ್ಟೆ ಒಗೀಬೇಕು, ಇಸ್ತ್ರಿ ಆಗ್ಬೇಕು, ಎಲ್ಲರ ಸ್ನಾನ, ಪಂಪು ಒಂದೇ ಸಮ ಓಡ್ತಾ ಇದೆ. 'ಒಂದಾದ ಮೇಲೆ ಒಂದು ಹಾಕಿ ಅತ್ತಿಗೆ, ಎಲ್ಲ ಒಟ್ಟಿಗೆ ಹಾಕ್ಬೇಡಿ' ಅಂದಿದ್ದೆ ನೀನು. ಯಾರಿಗೆ ಹೇಳ್ಲಿ ಅದನ್ನ? ಪಾದ್ರಿ ಹೆಂಡತಿ ಕೂದಲು ಒಣಗಿಸೋ ಯಂತ್ರ ತಂದಿದ್ಲು. ಅವಳ ತಂಗಿನೂ ತಂದಿದ್ಲು. ಅಷ್ಟು ಒಣಗಿಸಿ ಆಮೇಲೆ ಟೋಪಿ ಹಾಕ್ಕೊಂಡು ಹೋಗೋದು, ಆ ಟೋಪಿ ಒಳಗೆ ಒದ್ದೆ ಇದ್ರೆ ಯಾರಿಗೆ ಕಾಣ್ತಿತ್ತು ಹೇಳು.

ಈಗ ನಕ್ಕೆ. ನೋಡಿದೆ ನಾನು, ಇಲ್ಲ ಅನ್ಬೇಡ.

ಹೂಂ, ಅವತ್ತು ಕತ್ತಲೆ ಆಯ್ತು. ಶನಿವಾರ ಸಂಜೆ ಒಂದು ಗಳಿಗೆ ಬೆಳಕು ಹೋಗಿ ಬಂತು. ಭಾನುವಾರ ಬೆಳಗ್ಗೆ ಮತ್ತೆ ಹೋಯ್ತು. ಮತ್ತೆ ಬಂತು. ತಾನಾಗೇ ಹೋಯ್ತು, ತಾನಾಗೇ ಬಂತು. ದೇವರ ದಯೆ. … ಯಾಕೆ ಹಾಗೆ ನೋಡ್ತೀಯ? ನಿಮ್ಮ ಯಂತ್ರಗಳು ಹಾಗೇ ತಾನೇ, ಹೋಗ್ತವೆ, ಬರ್ತವೆ. ಮುರ್ಡೊ ಏನೂ ಮಾಡಲಿಲ್ಲ. ಸಭೆಯ ಹಿರಿಯ ಅವನು, ಅವತ್ತು ಪ್ರಭುವಿನ ಮೇಜಿನ ಹತ್ತಿರ ರೊಟ್ಟಿ ತಟ್ಟೆ ಹಿಡಿಯಬೇಕಾದವನು. ನಮ್ಮಪ್ಪ ಭಾನುವಾರ ಗಡ್ಡ ಹೆರೀತಿರಲಿಲ್ಲ, ಮುರ್ಡೊ ಅವರಪ್ಪ ಹುಂಜವನ್ನೂ ಬುಟ್ಟಿ ಕೆಳಗೆ ಹಾಕ್ತಿದ್ದ. ಅಂಥ ಮನೆಯವನು ಸ್ಪ್ಯಾನರ್ ಮುಟ್ತಾನಾ? ಬೆರಳಿಗೆ ಯಾಕೆ ಬಟ್ಟೆ ಸುತ್ತಿದ್ದ ಅಂತ ಕೇಳ್ತೀಯೇನೋ, ತಟ್ಟೆ ನಿನ್ನ ಕೈಗೆ ಕೊಟ್ಟಾಗ ನೀನು ಆ ಬೆರಳನ್ನೇ ನೋಡ್ತಿದ್ದೆ, ನಾನು ಈ ಕಡೆ ಸಾಲಿಂದ ನೋಡ್ತಿದ್ದೆ. ಕೆಟ್ಲು ತಾಗಿ ಸುಟ್ಟಿದ್ದು ಅದು. ಎಲ್ಲರಿಗೂ ಹೇಳಿದೆ ನಾನು, ಕೆಟ್ಲು ತಾಗಿತು ಅಂತ.

ನೀನು ಕೇಳಲೇ ಇಲ್ಲ, ಅಲ್ವಾ. ನಾನೇ ಹೇಳ್ತಿದ್ದೀನಿ.

ಜನವರಿ ಗಾಳಿ, ಮಧ್ಯಾಹ್ನ, ಅವನು ಮಗ್ಗದ ಮೇಲಿದ್ದ, ನಾನು ಅಡುಗೆ ಮನೇಲಿ. ಮಗ್ಗದ ಸದ್ದು ನಿಂತ್ಹೋಯ್ತು. ನಲವತ್ತು ವರ್ಷ ಆ ಸದ್ದು ಕೇಳಿದವಳು ನಾನು, ಕೈಲಿದ್ದದ್ದು ಬಿಟ್ಟು ಓಡಿದೆ. ಬಂದು ನೋಡಿದ್ರೆ ಬಾಗಿಲಲ್ಲಿ ಹೊಗೆ. ಮಗ್ಗ ಅದುರಿ ಅದುರಿ, ಅದರ ಕಾಲಿಗೆ ಒರಗಿದ್ದ ವಯರು ಸವೆದು ಹೋಗಿತ್ತಂತೆ, ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗಿತ್ತಂತೆ. ವಯರು ಕಾದ ಸರಳಿನ ಹಾಗೆ ಕೆಂಪಗಿತ್ತು, ನನ್ನ ಕಣ್ಣಾರೆ ನೋಡಿದ್ದೀನಿ. ಅವನು ಹೊರಗೆ ಬಂದಿದ್ದ, ಪೂರ್ತಿ ಹೊರಗೆ ಬಂದಿದ್ದ. ಮಗ್ಗದ ಮೇಲಿನ ಬಟ್ಟೆ ತರ್ತೀನಿ ಅಂತ ಮತ್ತೆ ಒಳಗೆ ಹೋದ. ಮುಗೀತಾ ಬಂದಿದ್ದ ಬಟ್ಟೆ. ತಂದ. ಸುಟ್ಟ ಉಣ್ಣೆ ಅಪ್ಪಿಕೊಂಡು ಹುಲ್ಲಿನ ಮೇಲೆ ಕೂತ, ಕೆಮ್ಮಿದ, ಕೆಮ್ಮು ನಿಲ್ಲಲೇ ಇಲ್ಲ. ಕುರಿ ಮರಿ ಹಾಕೋ ಹೊತ್ತಿಗೆ ಅವನಿರಲಿಲ್ಲ.

ಆ ಕ್ಷಣಕ್ಕೆ ಫ್ಯೂಸ್ ಒಂದು ಸುಟ್ಟುಹೋಗಿದ್ರೆ ಸಾಕಿತ್ತಲ್ಲ. ಟಪ್ ಅಂತ. ಮಗ್ಗನೂ ಉಳೀತಿತ್ತು, ಅವನೂ ಉಳೀತಿದ್ದ. 'ಥೂ, ಮತ್ತೆ ಹೋಯ್ತು' ಅಂತ ಬೈಕೊಂಡು ಚಹಾ ಕುಡಿಯೋಕೆ ಬರ್ತಿದ್ದ.

ಮುಗೀತಾ? ಎಲ್ಲ ಬಿಗಿ ಮಾಡಿದ್ಯಾ? ಮೈನಸ್ಸು ಕೊನೇಗೆ, ಹೂಂ. ಮೇಲೆ ಮುಚ್ಚಳನೂ ಮಾಡ್ಕೊಂಡು ಬಂದಿದ್ದೀಯ, ಏನೂ ಬೀಳದ ಹಾಗೆ. ವಯರು ಗೋಡೆ ಮೇಲೆ ಕೊಳವೆ ಒಳಗೆ. ಈ ಸಲ ಮಗ್ಗ ಇಲ್ಲ, ಯಾವುದು ಅದುರುತ್ತೆ. ಆದ್ರೂ ಮಾಡಿದ್ದೀಯ.

ಜೇಬಿಂದ ಏನು ತೆಗೀತಿದ್ದೀಯ? ಕರವಸ್ತ್ರದಲ್ಲಿ ಏನದು ಕಟ್ಟಿರೋದು? ಕೊಡು, ನನ್ನ ಕೈಗೇ ಕೊಡ್ತೀಯಾ… ಭಾರ ಇದೆ. ಏನೋ ಇದು, ಬಿಚ್ಚಲಾ?

…

ಎಲ್ಲಿ ಸಿಕ್ತು ನಿನಗೆ?

ಬೆಂಕಿ ಬಿದ್ದ ಮಾರನೇ ದಿನ ನೀನು ಬಂದು ಬೂದೀಲಿ ಕೆದಕ್ತಿದ್ದೆ. ನಾನು ಕಿಟಕಿಯಿಂದ ನೋಡಿದೆ. ತನ್ನ ತಪ್ಪು ಬಚ್ಚಿಡೋಕೆ ಬಂದಿದ್ದಾನೆ ಅಂತ ಎಫ್ಫಿಗೆ ಹೇಳಿದವಳು ನಾನೇ. ಅವತ್ತಿಂದ ಇದು ನಿನ್ನ ಜೇಬಲ್ಲಿತ್ತಾ? ಶಾಲೆ ಕೆಲಸ ಹೋದಾಗ ಇದು ಜೇಬಲ್ಲಿತ್ತು. ಸ್ಮಶಾನದ ಗೋಡೆ ಆಚೆ ನಿಂತಾಗ ಜೇಬಲ್ಲಿತ್ತು. ಒಂದು ಸಲ ಹೊರಗೆ ತೆಗೆದು ಅಂಗಡಿ ಮೇಜಿನ ಮೇಲೆ ಇಟ್ಟಿದ್ರೆ ಸಾಕಿತ್ತು. ಯಾಕೆ ಇಡಲಿಲ್ಲ? ಹೇಳೋ. ಒಂದು ಮಾತು ಹೇಳೋ.

ಇದು… ಇದು ನಲ್ಲಿ ರಿಪೇರಿ ಮಾಡಿದಾಗ ಉಳಿದ ತಾಮ್ರದ ಪೈಪು. ಇದ್ದಿರಬೇಕು ಅಲ್ಲೆಲ್ಲೋ, ಕೊಟ್ಟಿಗೇಲಿ ಎಷ್ಟೋ ತಾಮ್ರ ಬಿದ್ದಿರುತ್ತೆ. ಇದಕ್ಕೂ ಫ್ಯೂಸಿಗೂ ಏನು…

ಹಾಗೆ ನಿಂತುಕೊಂಡು ನೋಡಬೇಡ.

ಫ್ಯೂಸಿನ ಜಾಗಕ್ಕೆ ಕೂರಿಸೋಕೆ ಅಂತ ಮುರ್ಡೊ ಇದನ್ನ ಸುತ್ತಿಗೇಲಿ ತಟ್ಟಿ ಚಪ್ಪಟೆ ಮಾಡಿದ. ಎರಡು ತೂತು. ಈ ತೂತು ಸೊಟ್ಟ ನೋಡು, ಟಾರ್ಚ್ ಬೆಳಕು ಅಲ್ಲಾಡ್ತಿತ್ತು, ಅದಕ್ಕೇ ಸೊಟ್ಟ. 'ಸರಿಯಾಗಿ ಹಿಡಿಯೇ ಡೊಲೀನಾ' ಅಂತ ಪಿಸುಗುಟ್ಟಿದ. ಗರಗಸದ ಸದ್ದು ಮೇಲಿನ ಕೋಣೆಗೆ ಕೇಳಿಸಬಾರದು ಅಂತ ನನ್ನ ಶಾಲು ಸುತ್ತಿ ಕೊಯ್ದ. ಬಾಗಿಲಿಗೆ ಅಗಳಿ ಹಾಕಿದ್ದು ನಾನು. ಭಾನುವಾರ ಬೆಳಗ್ಗೆ, ಪ್ರಭುಭೋಜನದ ಭಾನುವಾರ, ಮನೆ ತುಂಬ ಅತಿಥಿಗಳು, ಪಂಪು ನಿಂತಿದೆ, ಪಾಯಿಖಾನೆಗೆ ನೀರಿಲ್ಲ, ಪಾದ್ರಿ ಹೆಂಡತಿ ಮೆಟ್ಟಿಲ ಮೇಲೆ ನಿಂತು 'ಡೊಲೀನಾ, ನೀರು ಬರ್ತಿಲ್ಲ' ಅಂತಾಳೆ. ಡಬ್ಬೀಲಿದ್ದ ಒಂದು ಫ್ಯೂಸೂ ಶನಿವಾರವೇ ಹಾಕಿ ಆಗಿತ್ತು. ಬಾವಿಯಿಂದ ಸೇದ್ತೀನಿ ಅಂದ ಅವನು. ಇಷ್ಟು ಜನಕ್ಕಾ ಅಂದೆ ನಾನು. ಎಲ್ಲರೂ ನೋಡ್ತಾರೆ ಅಂದೆ. ನಾನು ಅಂದೆ ಟಾರ್ಮೊಡ್. ಉಂಗುರ ತಾಗಿ ಬೆರಳು ಸುಟ್ಟಾಗ ಅವನು ಕೂಗಲಿಲ್ಲ, ಬಾಯಿಗೆ ಅದೇ ಶಾಲು ತುರುಕಿಕೊಂಡ. 'ಸೋಮವಾರ ಟಾರ್ಮೊಡ್‌ಗೆ ಹೇಳಿ ಸರಿಯಾದ್ದು ಹಾಕಿಸ್ತೀನಿ' ಅಂದ.

ಹೇಗೆ ಹೇಳ್ತಾನೆ? ಫ್ಯೂಸ್ ಕೊಡು ಅಂದ್ರೆ ಯಾವಾಗ ಹೋಯ್ತು ಅಂತ ಕೇಳ್ತೀಯ. ಮತ್ತೆ ಬೆಳಕು ಹೇಗೆ ಬಂತು ಅಂತ ಕೇಳ್ತೀಯ. ಭಾನುವಾರ ಅನ್ನಬೇಕಲ್ಲ. ಆ ಒಂದು ಮಾತು ಅವನ ಬಾಯಲ್ಲಿ ಹೊರಡಲಿಲ್ಲ. ಸೋಮವಾರ ಹೋಯ್ತು, ಆಮೇಲೆ ಅದೂ ಒಂದು ಅಭ್ಯಾಸ ಆಗಿಹೋಯ್ತು, ಅದರ ಮೇಲೊಂದು ಚೀಲ ಮುಚ್ಚಿಟ್ಟ.

ನೀನು ಬಂದಿದ್ದೆ. ಮಂಗಳವಾರ. ಅದಕ್ಕೇ ನಾ ನಿನ್ನ ಕ್ಷಮಿಸದೆ ಇದ್ದಿದ್ದು, ಗೊತ್ತಾ. ಆ ಬೆರಳು ನೋಡಿ ನಿನಗೆ ಅವತ್ತೇ ಗೊತ್ತಾಗಿತ್ತು. ಕೈಯಲ್ಲಿ ಫ್ಯೂಸ್ ಹಿಡ್ಕೊಂಡೇ ಬಾಗಿಲಿಗೆ ಬಂದೆ. 'ಏನಾದ್ರೂ ಬೇಕಾ ಅತ್ತಿಗೆ, ಒಂದು ಸಲ ಕೊಟ್ಟಿಗೆ ನೋಡಿಹೋಗ್ಲಾ' ಅಂದೆ. ಎಲ್ಲ ಸರಿಯಾಗಿದೆ, ಏನೂ ಬೇಡ, ಮಗ್ಗದ ಕೆಲಸ ನಡೀತಿದೆ ಅಂತ ಬಾಗಿಲಲ್ಲೇ ನಿಂತೆ ನಾನು. ಒಳಗೆ ಬಿಡಲಿಲ್ಲ. ನೀನು ನನ್ನ ಮಾತು ನಂಬಿದ ಹಾಗೆ ಮಾಡಿ ಹೋದೆ. ಯಾಕೆ ಹೋದೆ? ನನ್ನ ತಳ್ಳಿ ಒಳಗೆ ನುಗ್ಗಬೇಕಿತ್ತು ನೀನು.

ಆಸ್ಪತ್ರೇಲಿ ಕೊನೇ ವಾರ 'ಟಾರ್ಮೊಡ್‌ನ ಕರೆಸು' ಅಂತಿದ್ದ. ಗಾಳಿ ಜೋರು, ರಸ್ತೆ ಮುಚ್ಚಿದೆ ಅಂದೆ. ನೀನು ಬಂದ್ರೆ ಅವನು ಹೇಳಿಬಿಡ್ತಿದ್ದ. ನರ್ಸುಗಳೆಲ್ಲ ಈ ಊರ ಹೆಣ್ಣುಮಕ್ಕಳೇ. ಸಭೆಯ ಹಿರಿಯ ಅಂತ ಸಮಾಧಿ ಕಲ್ಲಿನ ಮೇಲೆ ಕೆತ್ತಿಸಬೇಕಿತ್ತು ನನಗೆ. ಕೆತ್ತಿಸಿದೆ.

ಬೈಯೋ. ಒಂದು ಸಲ ಬೈದುಬಿಡು.

ಉಂಗುರ ಹಾಕ್ಕೊಂಡೆಯಾ. ಹೊರಟೆಯಾ? ಇದನ್ನ ತಗೊಂಡು ಹೋಗು. ಟಾರ್ಮೊಡ್, ಇದನ್ನ ನನ್ನ ಹತ್ತಿರ ಬಿಡಬೇಡ. ದಾರೀಲಿ ಸಮುದ್ರಕ್ಕೆ ಎಸೆದುಬಿಡು, ಯಾರಿಗೂ… ಯಾಕೆ ತಲೆ ಆಡಿಸ್ತೀಯ? ನಿನಗೇ ಅಲ್ವಾ ಇದು ಬೇಕಾಗಿರೋದು. ನಿನ್ನ ಹೆಸರು ಉಳಿಸೋದು ಇದೇ.

ಸ್ವಿಚ್ ನಾನೇ ಒತ್ತಬೇಕಾ? … ಪಂಪು ಓಡ್ತಿದೆ. ಕೇಳಿಸ್ತಾ. ನೀರು ಬರ್ತಿದೆ.

ನಿಲ್ಲೋ ಒಂದು ನಿಮಿಷ. ನಾಳೆ ಪ್ರಾರ್ಥನೆ ಮುಗಿದ ಮೇಲೆ ಚರ್ಚ್ ಮೆಟ್ಟಿಲ ಹತ್ತಿರ ಎಫ್ಫಿ ನನ್ನ ತೋಳು ಹಿಡ್ಕೋತಾಳೆ. ಊರೆಲ್ಲ ಕಿವಿ ಕೊಟ್ಟಿರುತ್ತೆ, ನಿನ್ನ ಹೆಂಡತಿನೂ ಅಲ್ಲೇ ಇರ್ತಾಳೆ. 'ಈ ಸಲನಾದ್ರೂ ಫ್ಯೂಸ್ ಹಾಕಿದ್ನಾ ಅವನು?' ಅಂತ ಕೇಳೇ ಕೇಳ್ತಾಳೆ.

ಏನು ಹೇಳ್ಲಿ ನಾನು? … 'ಹೋದ ಸಲನೂ ಹಾಕಿದ್ದ' ಅನ್ಲಾ?